ವಿಠಲ್ ಮಲ್ಯ

ವಿಠಲ್ ಮಲ್ಯ (8 ಫೆಬ್ರವರಿ 1924 – 13 ಅಕ್ಟೋಬರ್ 1983) ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು ಬ್ರಿಟಿಷ್ ಮಾಲೀಕತ್ವದಿಂದ ಭಾರತೀಯರ ಕೈಗೆ ತಂದ ಉದ್ಯಮಿ. ಉದ್ಯಮಿ ವಿಜಯ್ ಮಲ್ಯ ಇವರ ಮಗ.

ಆರಂಭಿಕ ಜೀವನ

ಇವರದು ದಕ್ಷಿಣ ಕನ್ನಡದ ಬಂಟ್ವಾಳ ಮೂಲದ ಕೊಂಕಣಿ ಮನೆತನ. ತಂದೆ ಬಂಟ್ವಾಳ ಗಣಪತಿ ಮಲ್ಯ ಸೈನ್ಯದಲ್ಲಿ ವೈದ್ಯರಾಗಿದ್ದ ಕಾರಣ ವಿಠಲರ ಜನನ ಢಾಕಾದಲ್ಲಾಯಿತು. ಡೆಹ್ರಾಡೂನಿನ ಡೂನ್ ಶಾಲೆಯಲ್ಲಿಯೂ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು.

ಯುನೈಟೆಡ್ ಬ್ರೂವರೀಸ್

ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ 1915ರಲ್ಲಿ ದಕ್ಷಿಣ ಭಾರತದ ಐದು ಬಿಯರ್ ತಯಾರಿಕಾ ಘಟಕಗಳನ್ನು ಒಂದುಗೂಡಿಸಿ ಈ ಕಂಪನಿಯನ್ನು ಸ್ಥಾಪಿಸಿದ್ದನು. ಬ್ರಿಟಿಷ್ ಸೈನಿಕರೇ ಅದರ ಮುಖ್ಯ ಗಿರಾಕಿಗಳು. ಮಲ್ಯರು ಕಂಪನಿಯ ಷೇರುಗಳನ್ನು ಕೊಂಡು 1947ರಲ್ಲಿ, ತಮ್ಮ 23ನೆಯ ವಯಸ್ಸಿನಲ್ಲಿ, ಅದರ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷ ಅಧ್ಯಕ್ಷರಾದರು. ಆದರೆ ಅವರ ಕೈಗೆ ಬಂದ ವ್ಯಾಪಾರ ಗಟ್ಟಿಯಾದುದಾಗಿರಲಿಲ್ಲ. ಸೈನಿಕರು ಸ್ವದೇಶಕ್ಕೆ ಮರಳುತ್ತಿದ್ದರು. ಮದ್ರಾಸ್ ಪ್ರಾಂತ್ಯದಲ್ಲಿ 1948ರ ವೇಳೆಗೆ, ಬೊಂಬಾಯಿಯಲ್ಲಿ 1949ರ ಕಾಯಿದೆಯ ಮೂಲಕ ಪಾನನಿಷೇಧ ಜಾರಿಗೆ ಬಂದಿತು. ಸಂವಿಧಾನದ 47ನೆಯ ವಿಧಿಯೂ ಅದೇ ದಿಕ್ಕನ್ನು ತೋರಿತು. ಮದ್ಯ ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯವಾದ್ದರಿಂದ ಗಡಿ ದಾಟಿದೊಡನೆ ತೆರಿಗೆಯೂ ಪರವಾನಗಿಯೂ ಬದಲಾಗುತ್ತಿದ್ದವು.

ಮಲ್ಯರು ಒಂದೇ ಸರಕನ್ನು ನೆಚ್ಚಿಕೊಳ್ಳಲಿಲ್ಲ. 1950ರಲ್ಲಿ ಕಿಸಾನ್ ಹಣ್ಣಿನ ಉತ್ಪನ್ನಗಳ ಸಂಸ್ಥೆಯನ್ನೂ, 1951ರಲ್ಲಿ ಮದ್ರಾಸಿನ ಹಳೆಯ ಮೆಕ್‌ಡೊವೆಲ್ ಸಂಸ್ಥೆಯನ್ನೂ ಕೊಂಡರು. ಕೇರಳದ ಚೇರ್ತಲದಲ್ಲಿ ಮೆಕ್‌ಡೊವೆಲ್‌ನ ಮದ್ಯ ತಯಾರಿಕಾ ಘಟಕ 1959ರಲ್ಲಿ ಆರಂಭವಾಯಿತು. ಹೊಸದನ್ನು ಕಟ್ಟುವುದಕ್ಕಿಂತ ಇದ್ದುದನ್ನು ಸದ್ದಿಲ್ಲದೆ ಕೊಳ್ಳುವುದೇ ಅವರ ರೀತಿಯಾಗಿತ್ತು. ಪ್ರಚಾರದಿಂದ ದೂರವಿದ್ದರು, ಖರ್ಚಿನಲ್ಲಿ ಬಿಗಿ. ಈ ವಿಷಯದಲ್ಲಿ ಮಗನಿಗೂ ಅವರಿಗೂ ಹೋಲಿಕೆ ಕಡಿಮೆ.

ಬಿಯರ್ ಮತ್ತು ನೀರಿನ ಗುಣ

ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ನೀರೇ ಇರುವುದರಿಂದ ಅದರಲ್ಲಿ ಕರಗಿರುವ ಖನಿಜಗಳು ರುಚಿಯನ್ನು ನಿರ್ಧರಿಸುತ್ತವೆ. 19ನೆಯ ಶತಮಾನದಲ್ಲಿ ಭಾರತಕ್ಕೆ ಹಡಗಿನಲ್ಲಿ ಬರುತ್ತಿದ್ದ ಕಹಿಯಾದ ತಿಳಿ ಬಿಯರು ಇಂಗ್ಲೆಂಡಿನ ಬರ್ಟನ್ ಪಟ್ಟಣದಲ್ಲಿ ತಯಾರಾಗುತ್ತಿತ್ತು. ಅಲ್ಲಿನ ಬಾವಿಗಳ ನೀರಿನಲ್ಲಿ ಜಿಪ್ಸಮ್ ಅಂಶ ಅಸಾಧಾರಣವಾಗಿ ಹೆಚ್ಚು. ಅದರ ಕ್ಯಾಲ್ಸಿಯಂ ಮೊಳಕೆ ಬಾರ್ಲಿಯ ಗಂಜಿಯನ್ನು ಸ್ವಲ್ಪ ಆಮ್ಲೀಯಗೊಳಿಸಿ ಪಿಷ್ಟವು ಸಕ್ಕರೆಯಾಗಲು ನೆರವಾಗುತ್ತದೆ. ಸಲ್ಫೇಟ್ ಹಾಪ್ಸ್ ಹೂವಿನ ಕಹಿಯನ್ನು ಎತ್ತಿ ತೋರುತ್ತದೆ. ಎಲ್ಲ ಗಡಸು ನೀರಿಗೂ ಈ ಗುಣವಿಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಬಯಲು ಭಾಗದ ಹಲವು ಕೊಳವೆಬಾವಿಗಳ ನೀರನ್ನು ಕಾಯಿಸಿದಾಗ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಇದು ಬೈಕಾರ್ಬನೇಟಿನ ಗುರುತು. ಇಂತಹ ನೀರು ಗಂಜಿಯ ಆಮ್ಲೀಯತೆಯನ್ನು ತಗ್ಗಿಸುವುದರಿಂದ ತಿಳಿ ಬಿಯರಿಗೆ ಒಗ್ಗದು. ಕುದಿಸಿ, ಸುಣ್ಣ ಬೆರೆಸಿ ಅಥವಾ ಆಮ್ಲ ಸೇರಿಸಿ ಅದನ್ನು ಸರಿಪಡಿಸಬೇಕು. ಇಂದು ಭಾರತದಲ್ಲಿ ಹೆಚ್ಚು ಮಾರಾಟವಾಗುವ ಲಾಗರ್ ಬಗೆಗೆ, ಅದರಲ್ಲೂ ಜೆಕ್ ನಾಡಿನ ಪಿಲ್ಸೆನ್ ಮಾದರಿಗೆ, ಮೆದು ನೀರೇ ತಕ್ಕುದು.

ನಿಧನ ಮತ್ತು ಸ್ಮರಣೆ

ಮಲ್ಯರು 1983ರಲ್ಲಿ ಹೃದಯಾಘಾತದಿಂದ ನಿಧನರಾದರು. 27 ವರ್ಷದ ವಿಜಯ್ ಮಲ್ಯ ಅಧಿಕಾರ ವಹಿಸಿಕೊಂಡರು. ಬೆಂಗಳೂರಿನ ಗ್ರಾಂಟ್ ರಸ್ತೆಗೆ ವಿಠಲ್ ಮಲ್ಯರ ಹೆಸರಿಡಲಾಗಿದೆ. ಅದೇ ರಸ್ತೆಯಲ್ಲಿ ಬಿಯರ್ ಕಾರ್ಖಾನೆಯಿದ್ದ ಜಾಗದಲ್ಲಿ ಈಗ ಯುಬಿ ಸಿಟಿ ಕಟ್ಟಡಗಳಿವೆ.