ಶ್ರೀಮತಿ ಆ್ಯನ್ ಹಚಿನ್ಸನ್ನಳ ವಂಶವೃತ್ತಾಂತ

ಹೆಳವರು ಎತ್ತಿನ ಮೇಲೆ ಊರಿಗೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನಿಂದ ಮೊದಲುಗೊಂಡು ತಲೆತಲಾಂತರದ ಹೆಸರುಗಳನ್ನು ಹೇಳಿ, ಕಾಳುಕಡಿಗಳನ್ನು ಪಡೆದು ಹೋಗುವ ಪದ್ಧತಿಯು ನಮ್ಮ ನಾಡಿನ ಹಿರಿಯರಿಗೆ ತಿಳಿಯದ್ದಲ್ಲ. ಆದರೆ ಆ ಹೆಸರುಗಳ ಸಾಲಿನಲ್ಲಿ ತಂದೆಯ ತರುವಾಯ ಮಗನು ಬರುವನೇ ಹೊರತು ತಾಯಿಯ ಹೆಸರು, ಅವಳ ತವರೂರು, ಅವಳು ಕಲಿತುದು, ಪಟ್ಟ ಕಷ್ಟ ಇವು ಬರುವದು ಅಪರೂಪ. ಹೆಣ್ಣುಮಗಳೊಬ್ಬಳ ವಂಶವನ್ನು ಶೋಧಿಸಹೊರಟವರಿಗೆ ಎಲ್ಲ ದೇಶಗಳಲ್ಲಿಯೂ ಇದೇ ತೊಡಕು ಎದುರಾಗುವದು. ಈ ತೊಡಕನ್ನು ದಾಟಿ ಉಳಿದು ಬಂದ ಒಬ್ಬ ಸ್ತ್ರೀಯ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡುವದೇ ಈ ಲೇಖನದ ಉದ್ದೇಶ. ಅಮೇರಿಕೆಯು ಇನ್ನೂ ಇಂಗ್ಲಿಷರ ವಸಾಹತಾಗಿದ್ದ ಕಾಲದಲ್ಲಿ ಬಾಳಿದ ಆಕೆಯ ಹೆಸರು ಆ್ಯನ್ ಹಚಿನ್ಸನ್.

ಆ್ಯನ್ನಳ ಜನನದ ದಿನವು ಎಲ್ಲಿಯೂ ಬರೆದಿಲ್ಲ. ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದ ಆಲ್ಫರ್ಡ್ ಎಂಬ ಸಣ್ಣ ಊರಿನ ದೇವಾಲಯದಲ್ಲಿ 1591ನೆಯ ಇಸವಿ ಜುಲೈ 20ರಂದು ಆಕೆಗೆ ದೀಕ್ಷಾಸ್ನಾನವಾಯಿತೆಂಬ ದಾಖಲೆಯೊಂದೇ ಉಳಿದಿರುವದು. ತಂದೆ ಫ್ರಾನ್ಸಿಸ್ ಮಾರ್ಬರಿಯು ಬೋಧಕನೂ ಉಪಾಧ್ಯಾಯನೂ ಆಗಿದ್ದನು. ಯೋಗ್ಯತೆಯಿಲ್ಲದವರನ್ನು ಬೋಧಕರನ್ನಾಗಿ ನೇಮಿಸಿ ಸಭೆಯನ್ನು ಕೆಡಿಸುತ್ತಿರುವರೆಂದು ಆತನು ಬಿಷಪ್ಪರನ್ನೇ ಖಂಡಿಸಿದ್ದರಿಂದ 1578ರಲ್ಲಿ ಲಂಡನ್ನಿನಲ್ಲಿ ವಿಚಾರಣೆಗೆ ಗುರಿಯಾಗಿ ಸೆರೆಮನೆಯನ್ನು ಕಂಡನು. ಆ ವಿಚಾರಣೆಯ ಪ್ರಶ್ನೋತ್ತರಗಳನ್ನು ಆತನು ನೆನಪಿನಿಂದ ಬರೆದಿಟ್ಟನು. ತಾಯಿ ಬ್ರಿಜೆಟ್ಟಳು ಡ್ರೈಡನ್ ಎಂಬ ಪ್ರತಿಷ್ಠಿತ ಮನೆತನದವಳು. ಇಂಗ್ಲಿಷ್ ಕವಿ ಜಾನ್ ಡ್ರೈಡನ್ನನು ಆಕೆಯ ಸಹೋದರನ ಮೊಮ್ಮಗನು. ಹೆಣ್ಣುಮಕ್ಕಳಿಗೆ ಶಾಲೆಗಳಿಲ್ಲದ ಆ ಕಾಲದಲ್ಲಿ ಆ್ಯನ್ನಳು ಓದುಬರಹವನ್ನೂ ವೇದಶಾಸ್ತ್ರವನ್ನೂ ತಂದೆಯ ಮನೆಯಲ್ಲಿಯೇ ಕಲಿತಳು. ಅಧಿಕಾರಿಗಳ ಮುಂದೆ ಅಳುಕದೆ ಉತ್ತರ ಕೊಡುವ ಧೈರ್ಯವೂ ಆಕೆಗೆ ತವರಿನಿಂದಲೇ ಬಂದ ಬಳುವಳಿಯು.

1612ನೆಯ ಇಸವಿ ಆಗಸ್ಟ್ 9ರಂದು ಆಕೆಯು ಆಲ್ಫರ್ಡಿನವನೇ ಆದ ವಿಲಿಯಂ ಹಚಿನ್ಸನ್ ಎಂಬ ಬಟ್ಟೆಯ ವ್ಯಾಪಾರಿಯನ್ನು ಲಂಡನ್ನಿನಲ್ಲಿ ವಿವಾಹವಾದಳು. ಅವರಿಗೆ ಒಟ್ಟು 15 ಮಂದಿ ಮಕ್ಕಳಾದರು. ಒಬ್ಬ ಮಗಳಿಗೆ ಆ್ಯನ್ನಳ ತಾಯಿಯ ಹೆಸರೇ ಬಂದಿತು. 1630ರಲ್ಲಿ ಸುಸಾನ್ನ ಮತ್ತು ಎಲಿಜಬೆತ್ ಎಂಬ ಇಬ್ಬರು ಹೆಣ್ಣುಮಕ್ಕಳು ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. 1633ರಲ್ಲಿ ಹುಟ್ಟಿದ ಮಗಳಿಗೆ, ತೀರಿಹೋದ ಅಕ್ಕನ ಹೆಸರನ್ನೇ ಇಟ್ಟು ಸುಸಾನ್ನ ಎಂದು ಕರೆದರು. ಈ ಕಿರಿಯ ಸುಸಾನ್ನಳ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಆ್ಯನ್ನಳಿಗೆ ಅತಿ ಪ್ರಿಯನಾಗಿದ್ದ ಬೋಧಕ ಜಾನ್ ಕಾಟನ್ನನು ಮತೀಯ ನಿರ್ಬಂಧಗಳ ದೆಸೆಯಿಂದ 1633ರಲ್ಲಿ ಅಮೇರಿಕೆಗೆ ತೆರಳಿದನು. ಮರುವರ್ಷ ಹಚಿನ್ಸನ್ ಕುಟುಂಬವೂ ಗ್ರಿಫಿನ್ ಎಂಬ ಹಡಗನ್ನೇರಿ ಮ್ಯಾಸಚೂಸೆಟ್ಸ್ ವಸಾಹತಿನ ಬೋಸ್ಟನ್ ನಗರವನ್ನು ಸೇರಿತು. ಅಲ್ಲಿ ಆ್ಯನ್ನಳು ಹೆರಿಗೆಯ ಕಾಲದಲ್ಲಿ ಸ್ತ್ರೀಯರಿಗೆ ನೆರವಾಗುತ್ತಾ ಎಲ್ಲರ ವಿಶ್ವಾಸವನ್ನು ಗಳಿಸಿದಳು. ಆದಿತ್ಯವಾರದ ಪ್ರಸಂಗದ ಅರ್ಥವನ್ನು ವಿವರಿಸುವದಕ್ಕಾಗಿ ತನ್ನ ಮನೆಯಲ್ಲಿ ಸ್ತ್ರೀಯರ ಕೂಟವನ್ನು ಆರಂಭಿಸಿದಳು. ಕ್ರಮೇಣ ಗಂಡಸರೂ ಬರತೊಡಗಿ, ಕೂಟವು ಅರುವತ್ತು ಮಂದಿಯವರೆಗೆ ಬೆಳೆಯಿತು. ಮನುಷ್ಯನ ಸತ್ಕ್ರಿಯೆಗಳು ಆತನ ರಕ್ಷಣೆಗೆ ಪ್ರಮಾಣವಾಗಲಾರವು, ದೇವರ ಕೃಪೆಯೊಂದೇ ಆಧಾರವೆಂಬುದು ಆಕೆಯ ಬೋಧನೆಯ ತಿರುಳಾಗಿತ್ತು. ಅಲ್ಲಿನ ಬೋಧಕರಲ್ಲಿ ಹೆಚ್ಚಿನವರು ಈ ಮಾತನ್ನು ಸರಿಯಾಗಿ ಬೋಧಿಸುತ್ತಿಲ್ಲವೆಂದು ಆಕೆಯು ಹೇಳಿದ್ದೇ ದೊಡ್ಡ ಕಲಹಕ್ಕೆ ಕಾರಣವಾಯಿತು.

ಕಲಬುರಗಿಯಿಂದ ಕಮಲಾಪುರದ ಮಾರ್ಗವಾಗಿ ಹುಮನಾಬಾದಿನತ್ತ ಸಾಗಿದರೆ ಬಸವಕಲ್ಯಾಣವು ದೂರವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಆ ಕಲ್ಯಾಣದ ಶರಣರ ಗೋಷ್ಠಿಯಲ್ಲಿ ಅಕ್ಕಮಹಾದೇವಿಯು ಪ್ರಶ್ನೆಗಳನ್ನು ಎದುರಿಸಿ, ಉತ್ತರ ಕೊಟ್ಟು, ಮಾನ್ಯತೆಯನ್ನು ಪಡೆದಳೆಂಬ ವೃತ್ತಾಂತವನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಅದಾದ ಸುಮಾರು ಐದು ಶತಮಾನಗಳ ಮೇಲೆ ಬೋಸ್ಟನ್ನಿನವರು ಆ್ಯನ್ನಳನ್ನು ಪ್ರಶ್ನಿಸಿದ್ದು ಬೇರೊಂದು ಬಗೆಯಿಂದ.

1637ರ ನವೆಂಬರ್ ತಿಂಗಳಲ್ಲಿ ಗವರ್ನರ್ ಜಾನ್ ವಿನ್‌ತ್ರಾಪನ ಅಧ್ಯಕ್ಷತೆಯಲ್ಲಿ ವಿಚಾರಣೆಯು ನಡೆಯಿತು. ಅಧಿಕಾರಿಗಳು ಪ್ರಜೆಗಳಿಗೆ ತಂದೆತಾಯಿಗಳ ಸಮಾನರಾದ್ದರಿಂದ, ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ಆಕೆಯು ಮೀರಿದಳೆಂಬುದು ಒಂದು ಆಪಾದನೆ. ಆಕೆಯು ಶಾಸ್ತ್ರವಚನಗಳಿಂದಲೇ ಪ್ರತ್ಯುತ್ತರ ಕೊಡುತ್ತಾ, ಪ್ರಮಾಣಮಾಡಿ ಸಾಕ್ಷಿ ನುಡಿಯುವಂತೆ ಬೋಧಕರನ್ನೇ ಕೇಳಿದಳು. ಕೊನೆಗೆ ದೇವರು ತನಗೆ ನೇರವಾಗಿ ತಿಳಿಯಪಡಿಸಿದನೆಂದು ಹೇಳಿದಾಗ ಅದನ್ನೇ ಅಪರಾಧವೆಂದು ಹಿಡಿದು ಗಡೀಪಾರಿನ ಶಿಕ್ಷೆಯನ್ನು ವಿಧಿಸಿದರು. ಚಳಿಗಾಲವನ್ನು ಆಕೆಯು ಬಂಧನದಲ್ಲಿ ಕಳೆದಳು. 1638ರ ಮಾರ್ಚ್ ತಿಂಗಳಲ್ಲಿ ಸಭೆಯಿಂದಲೂ ಬಹಿಷ್ಕರಿಸಲ್ಪಟ್ಟು ಆಕೆಯು ಹೊರನಡೆದಾಗ ಮೇರಿ ಡಯರ್ ಎಂಬ ಸ್ನೇಹಿತೆಯು ಎದ್ದು ಆಕೆಯ ಸಂಗಡ ನಡೆದಳು.

ಪತಿಯೂ ಅನುಯಾಯಿಗಳೂ ಕೂಡಿ ರೋಡ್ ಐಲೆಂಡ್ ಪ್ರಾಂತದಲ್ಲಿ ಪೋರ್ಟ್ಸ್‌ಮೌತ್ ಎಂಬ ಹೊಸ ಊರನ್ನು ಕಟ್ಟಿದರು. 1641ರಲ್ಲಿ ವಿಲಿಯಮ್ಮನು ತೀರಿಕೊಂಡ ಬಳಿಕ ಆ್ಯನ್ನಳು ಕಿರಿಯ ಮಕ್ಕಳೊಡನೆ ಡಚ್ಚರ ಸೀಮೆಗೆ, ಅಂದರೆ ಇಂದಿನ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗಕ್ಕೆ ಹೋಗಿ ನೆಲಸಿದಳು. 1643ರ ಫೆಬ್ರವರಿಯಲ್ಲಿ ಡಚ್ ಸೈನಿಕರು ಅಲ್ಲಿನ ಮೂಲನಿವಾಸಿಗಳನ್ನು ಹೆಂಗಸರು ಮಕ್ಕಳೆನ್ನದೆ ಸಂಹರಿಸಿದ್ದರು. ಅದರ ಪ್ರತೀಕಾರದ ಜ್ವಾಲೆಯು ಆ ವರ್ಷದ ಬೇಸಿಗೆಯಲ್ಲಿ ನಿರಪರಾಧಿಗಳಾದ ಈ ಕುಟುಂಬದ ಮೇಲೆ ಬಿದ್ದಿತು. ಆ್ಯನ್ನಳೂ ಆಕೆಯ ಸಂಗಡವಿದ್ದ ಮಕ್ಕಳೂ ಹತರಾದರು. ಉಳಿದವಳು ಸುಸಾನ್ನಳೊಬ್ಬಳೇ. ಆ ಬಾಲಿಕೆಯು ಕೆಲವು ವರ್ಷ ಮೂಲನಿವಾಸಿಗಳ ನಡುವೆ ಬೆಳೆದು, ಹಿಂದಿರುಗಿ ಬಂದು, 1651ರಲ್ಲಿ ಜಾನ್ ಕೋಲ್ ಎಂಬವನನ್ನು ವರಿಸಿ ಅನೇಕ ಮಕ್ಕಳ ತಾಯಿಯಾದಳು.

ತವರಿನ ಧೈರ್ಯವು ಆ್ಯನ್ನಳೊಂದಿಗೆ ಅಳಿಯಲಿಲ್ಲ. ಕ್ವೇಕರ್ ಮತದವರ ಕಿವಿ ಕೊಯ್ದ ಕ್ರೌರ್ಯವನ್ನು ಖಂಡಿಸಿದ ತಂಗಿ ಕ್ಯಾಥರೀನಳು 1658ರಲ್ಲಿ ಬೋಸ್ಟನ್ನಿನಲ್ಲಿ ಚಾವಟಿಯ ಏಟನ್ನು ಉಂಡಳು. ಸ್ನೇಹಿತೆ ಮೇರಿ ಡಯರಳು ಕ್ವೇಕರ್ ಮತಕ್ಕಾಗಿ 1660ರಲ್ಲಿ ಗಲ್ಲಿಗೇರಿದಳು.

ಇನ್ನು ವಂಶದ ಮಾತು. ಹಿರಿಯ ಮಗ ಎಡ್ವರ್ಡನ ಮರಿಮಗನಾದ ಥಾಮಸ್ ಹಚಿನ್ಸನ್ನನು ಮುಂದೆ ಅದೇ ಮ್ಯಾಸಚೂಸೆಟ್ಸಿನ ಗವರ್ನರನಾದನು. 1765ರಲ್ಲಿ ದಂಗೆಕೋರರು ಆತನ ಮನೆಯನ್ನು ಸೂರೆಮಾಡಿ ಹಸ್ತಪ್ರತಿಗಳನ್ನು ಬೀದಿಯ ಕೆಸರಿಗೆ ಎಸೆದರು. ಆದರೂ 1767ರಲ್ಲಿ ಆತನು ಪ್ರಕಟಿಸಿದ ಇತಿಹಾಸದಲ್ಲಿ ಮುತ್ತಜ್ಜನ ತಾಯಿಯ ವಿಚಾರಣೆಯ ವರದಿಯು ಅಚ್ಚಾಗಿ, ಆಕೆಯ ಉತ್ತರಗಳು ಲೋಕಕ್ಕೆ ಉಳಿದವು. ಜೋಸೆಫ್ ಚೆಸ್ಟರನು 1866ರಲ್ಲಿಯೂ ಮೆರೆಡಿತ್ ಕೋಲ್ಕೆಟ್ಟನು 1936ರಲ್ಲಿಯೂ ಆಕೆಯ ಇಂಗ್ಲೆಂಡಿನ ಪೂರ್ವಿಕರ ಕುರಿತು ತಮ್ಮ ಶೋಧನೆಗಳನ್ನು ಪ್ರಕಟಿಸಿದರು. ಆಕೆಯ ಪೀಳಿಗೆಯು ಹಿಂದಕ್ಕೆ ಇಂಗ್ಲೆಂಡಿನ ಅರಸರವರೆಗೂ, ಮುಂದಕ್ಕೆ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮತ್ತು ಬುಷ್ ಮನೆತನದ ಇಬ್ಬರು ಅಧ್ಯಕ್ಷರವರೆಗೂ ಹಬ್ಬಿರುವದು ಗೊತ್ತಾಗಿದೆ. 1922ರಿಂದ ಬೋಸ್ಟನ್ನಿನ ರಾಜ್ಯಭವನದ ಮುಂದೆ, ಪಕ್ಕದಲ್ಲಿ ಪುಟ್ಟ ಸುಸಾನ್ನಳಿರುವ ಆಕೆಯ ಪ್ರತಿಮೆಯು ನಿಂತಿದೆ. 1987ರಲ್ಲಿ ಗವರ್ನರ್ ಮೈಕಲ್ ಡುಕಾಕಿಸರು ಗಡೀಪಾರಿನ ಆಜ್ಞೆಯನ್ನು ರದ್ದುಗೊಳಿಸಿದರು.

ಅರಸರೂ ಅಧ್ಯಕ್ಷರೂ ಈ ವಂಶವೃಕ್ಷಕ್ಕೆ ಅಲಂಕಾರವೇ ಸರಿ. ಆದರೆ ಅದರ ಬೇರಿನಲ್ಲಿರುವದು ತಂದೆಯೊಬ್ಬನು ಮಗಳಿಗೆ ಕಲಿಸಿದ ಅಕ್ಷರ. ದೇವಾಲಯದ ದೀಕ್ಷಾಸ್ನಾನದ ಪುಸ್ತಕದ ಒಂದು ಸಾಲು, ವಿವಾಹದ ದಾಖಲೆಯ ಮತ್ತೊಂದು ಸಾಲು, ವಿಚಾರಣೆಯ ಕೆಲವು ಹಾಳೆಗಳು ಇವಿಷ್ಟು ಇಲ್ಲದಿದ್ದರೆ ಆಕೆಯೂ ಹೆಸರಿಲ್ಲದ ಅಜ್ಜಿಯಾಗಿಯೇ ಉಳಿಯುತ್ತಿದ್ದಳು. ಕಲಬುರಗಿಯ ಓಣಿಗಳಲ್ಲಿಯೂ ಕಮಲಾಪುರದ ಸುತ್ತಣ ಹಳ್ಳಿಗಳಲ್ಲಿಯೂ, ಮದುವೆಯಾದ ದಿನವೇ ಹುಟ್ಟುಹೆಸರನ್ನು ತವರಿನಲ್ಲಿ ಬಿಟ್ಟು ಬಂದ ಅಜ್ಜಿಯರು ಎಷ್ಟೋ ಮಂದಿ ಇದ್ದರು. ಮನೆಯಲ್ಲಿ ಮೊತ್ತಮೊದಲು ಶಾಲೆಯ ಮೆಟ್ಟಲೇರಿದವಳು ಯಾರು, ಅವಳನ್ನು ಕಳುಹಿಸಿದವರು ಯಾರು ಎಂಬುದನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡುವದು, ಅಕ್ಷರ ಕಲಿತ ಹೆಣ್ಣುಮಕ್ಕಳ ಮೇಲಿರುವ ಋಣವಾಗಿದೆ.