ಕಾಲ್ಚೆಂಡಿನ ಗುರು ಸೈಯದ್ ಅಬ್ದುಲ್ ರಹೀಮ್

ಕೋಟೆಯನ್ನು ಗೆದ್ದವನ ಹೆಸರು ಊರಿಗೆಲ್ಲ ತಿಳಿದಿರುತ್ತದೆ; ಅದರ ಬಾಗಿಲನ್ನು ಇರುಳೆಲ್ಲ ಕಾದವನ ಹೆಸರನ್ನು ಕೇಳುವವರೇ ಇರುವುದಿಲ್ಲ. ಕಾಲ್ಚೆಂಡಾಟದಲ್ಲಿಯೂ ಹೀಗೆಯೇ. ಗೋಲು ಹೊಡೆದವನನ್ನು ಗೆಳೆಯರು ಹೆಗಲ ಮೇಲೆ ಹೊತ್ತು ಮೆರೆಸುವರು. ಎದುರಾಳಿಯ ಗೋಲನ್ನು ತಡೆದವನು ಬೆವರನ್ನು ಒರೆಸಿಕೊಂಡು ಸುಮ್ಮನೆ ಹೊರನಡೆಯುವನು. ತಡೆಯುವುದೂ ಒಂದು ವಿದ್ಯೆ, ಅದನ್ನೂ ಗುರುಮುಖೇನ ಕಲಿಯಬೇಕು ಎಂಬುದನ್ನು ನಮ್ಮ ದೇಶದ ಆಟಗಾರರಿಗೆ ಮನಗಾಣಿಸಿದ ಮಹನೀಯರಲ್ಲಿ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು ಅಗ್ರಗಣ್ಯರು.

ವಿದ್ಯಾರ್ಥಿ ಮಿತ್ರರೇ, ಸೀವುಡ್ಸಿನಲ್ಲಿ ಬೆಳೆಯುತ್ತಿರುವ ನಮಗೆ ಕಾಲ್ಚೆಂಡಾಟವು ದೂರದ ಮಾತಲ್ಲ. ನೆರೆಯ ನೆರೂಳಿನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2017ರಲ್ಲಿ ಹದಿನೇಳು ವರ್ಷದೊಳಗಿನ ಬಾಲಕರ ವಿಶ್ವಕಪ್ ಪಂದ್ಯಗಳು ನಡೆದುವು. 2022ರಲ್ಲಿ ಅದೇ ವಯಸ್ಸಿನ ಬಾಲಕಿಯರ ವಿಶ್ವಕಪ್ಪಿನ ಅಂತಿಮ ಪಂದ್ಯವೂ ಅಲ್ಲಿಯೇ ನಡೆಯಿತು. ಆದರೆ ಭಾರತವು ಏಷ್ಯಾ ಖಂಡಕ್ಕೇ ಮೊದಲಿಗನಾಗಿ ನಿಂತ ಕಾಲವೊಂದಿತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಆ ಕಾಲದ ಕತೆಯೆಂದರೆ ರಹೀಮರ ಕತೆಯೇ.

ರಹೀಮರು ಹುಟ್ಟಿದ್ದು 1909ನೆಯ ಇಸವಿಯ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ಸಂಸ್ಥಾನದ ರಾಜಧಾನಿ. ನಮ್ಮ ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳು ಅದೇ ಸಂಸ್ಥಾನಕ್ಕೆ ಸೇರಿದ್ದುವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವು ಮೈಸೂರು ರಾಜ್ಯಕ್ಕೆ ಬಂದುವು. ರಹೀಮರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಪದವೀಧರರಾದರು. ಓದಿನೊಡನೆ ಆಟವೂ ಸಾಗಿತು. ವಿಶ್ವವಿದ್ಯಾಲಯದ ತಂಡದಲ್ಲಿ ಅವರು ಒಳ್ಳೆಯ ಆಟಗಾರರೆನಿಸಿದರು.

ಓದು ಮುಗಿದ ಮೇಲೆ ಅವರು ಹಿಡಿದದ್ದು ಉಪಾಧ್ಯಾಯ ವೃತ್ತಿಯನ್ನು. ಹೈದರಾಬಾದಿನ ಶಾಲೆಗಳಲ್ಲಿ ಪಾಠ ಹೇಳಿದರು. ಅಂಗಸಾಧನೆಯ ಶಿಕ್ಷಣದಲ್ಲಿಯೂ ತರಬೇತಿ ಪಡೆದು ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದರು. ಮುಂದೆ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಗಳಾದರು. ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ ಗುರುಗಳಾದರು. ಎಷ್ಟು ಎತ್ತರಕ್ಕೇರಿದರೂ ಅವರೊಳಗಿನ ಶಾಲಾ ಮಾಸ್ತರು ಮರೆಯಾಗಲಿಲ್ಲ. ಆಟವನ್ನು ಅವರು ಪಾಠದಂತೆಯೇ ಭಾಗ ಮಾಡಿ ಕಲಿಸುತ್ತಿದ್ದರು.

ಆ ಪಾಠದ ಕ್ರಮವನ್ನು ನೋಡಿರಿ. ಚೆಂಡನ್ನು ಕಾಲಿನಲ್ಲೇ ಇಟ್ಟುಕೊಂಡು ಒಬ್ಬನೇ ಓಡುವ ಚಪಲವು ಆಟಗಾರರಿಗೆ ಹೆಚ್ಚು. ಅದನ್ನು ಬಿಡಿಸಲು ರಹೀಮರು, ಚೆಂಡನ್ನು ಉರುಳಿಸಿಕೊಂಡು ಹೋಗುವುದನ್ನೇ ನಿಷೇಧಿಸಿದ ಪಂದ್ಯಾವಳಿಗಳನ್ನು ನಡೆಸಿದರು. ಅಲ್ಲಿ ಚೆಂಡು ಬಂದೊಡನೆ ಜೊತೆಗಾರನಿಗೆ ದಾಟಿಸಲೇಬೇಕು. ಬಲಗಾಲೊಂದನ್ನೇ ನಂಬಿದವರಿಗಾಗಿ ದುರ್ಬಲವಾದ ಕಾಲಿನಿಂದಲೇ ಒದೆಯಬೇಕೆಂಬ ಪಂದ್ಯಗಳನ್ನು ಏರ್ಪಡಿಸಿದರು. ಹೀಗೆ ಕಲಿತ ತಂಡದಲ್ಲಿ ಒಬ್ಬನು ಮಿಂಚುವುದಕ್ಕಿಂತ ಹನ್ನೊಂದು ಮಂದಿಯೂ ಒಂದೇ ಮನಸ್ಸಿನಿಂದ ನಡೆಯುವುದು ಮುಖ್ಯವಾಯಿತು.

ಇದರ ಫಲವನ್ನು ಮೊದಲು ಕಂಡದ್ದು ನಮ್ಮ ಮುಂಬಯಿ ನಗರವೇ. ಇಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ ಪಂದ್ಯಾವಳಿಯು ದೇಶದ ಹಿರಿಯ ಪಂದ್ಯಾವಳಿಗಳಲ್ಲಿ ಒಂದು. ಬಹುಕಾಲ ಅದು ಬ್ರಿಟಿಷ್ ಸೈನಿಕ ತಂಡಗಳ ಸೊತ್ತಿನಂತಿತ್ತು. ಅದನ್ನು 1937ರಲ್ಲಿಯೂ 1938ರಲ್ಲಿಯೂ ಗೆದ್ದು ಭಾರತೀಯರ ಮಾನವನ್ನು ಎತ್ತಿದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಆ ಬಳಿಕ 1950ರಿಂದ 1954ರವರೆಗೆ, ಒಂದಾದ ಮೇಲೊಂದು ಐದು ವರ್ಷ, ರಹೀಮರ ಹೈದರಾಬಾದ್ ಪೊಲೀಸರು ಆ ಕಪ್ಪನ್ನು ಬಿಟ್ಟುಕೊಡಲಿಲ್ಲ.

ಭಾರತ ತಂಡದ ಹೊಣೆಯೂ ಅವರ ಪಾಲಿಗೆ ಬಂದಿತು. 1951ರ ಮಾರ್ಚಿಯಲ್ಲಿ ದಿಲ್ಲಿಯಲ್ಲಿ ಮೊಟ್ಟಮೊದಲ ಏಷ್ಯಾ ಕ್ರೀಡಾಕೂಟವು ನಡೆಯಿತು. ಅಂತಿಮ ಪಂದ್ಯದಲ್ಲಿ ಭಾರತವು ಇರಾನನ್ನು ಒಂದೇ ಗೋಲಿನಿಂದ ಸೋಲಿಸಿ ಚಿನ್ನದ ಪದಕವನ್ನು ಗಳಿಸಿತು. ಆ ಗೋಲನ್ನು ಹೊಡೆದವರು ಮೇವಾಲಾಲ್. ನಾಯಕರಾಗಿದ್ದ ಶೈಲೇನ್ ಮನ್ನಾ ಅವರು ಹಿಂದೆ ನಿಂತು ಗೋಲನ್ನು ಕಾಯುವ ಬ್ಯಾಕ್ ಆಟಗಾರರು.

ಗೆಲುವು ಕಲಿಸದ ಪಾಠವನ್ನು ಸೋಲು ಕಲಿಸಿತು. ಮರುವರ್ಷ, 1952ರಲ್ಲಿ, ಹೆಲ್ಸಿಂಕಿಯ ಒಲಿಂಪಿಕ್ ಕೂಟದಲ್ಲಿ ಭಾರತವು ಯುಗೋಸ್ಲಾವಿಯದೊಡನೆ ಆಡಿ 10–1ರಿಂದ ಸೋತಿತು. ನಮ್ಮವರಲ್ಲಿ ಅನೇಕರು ಬರಿಗಾಲಿನಲ್ಲಿ ಆಡುವವರು. ಅಲ್ಲಿಯೋ ಚಳಿ, ಒದ್ದೆಯಾದ ನೆಲ. ನಮ್ಮ ಕಡೆಯ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನರು. ಇಂಥ ಸೋಲನ್ನು ಹೊತ್ತು ಊರಿಗೆ ಮರಳುವ ಗುರುವಿನ ಮನಸ್ಸು ಎಷ್ಟು ನೊಂದಿರಬೇಕೆಂಬುದನ್ನು ನಾವು ಊಹಿಸಬಹುದು. ರಹೀಮರು ಚಳಿಯನ್ನಾಗಲಿ ಬರಿಗಾಲನ್ನಾಗಲಿ ಹೊಣೆಮಾಡಿ ಸುಮ್ಮನಾಗಲಿಲ್ಲ. ತಮ್ಮ ಪದ್ಧತಿಯಲ್ಲಿಯೇ ಇದ್ದ ಕೊರತೆಯನ್ನು ಹುಡುಕಿದರು.

ಆ ಕೊರತೆಯು ಹಿಂಭಾಗದಲ್ಲಿತ್ತು. ಆಗ ನಮ್ಮವರು ಆಡುತ್ತಿದ್ದುದು ಹಳೆಯ ಕ್ರಮದಂತೆ: ಮುಂದೆ ಐವರು, ನಡುವೆ ಮೂವರು, ಹಿಂದೆ ಇಬ್ಬರು, ಅವರ ಬೆನ್ನಿಗೆ ಗೋಲುರಕ್ಷಕನೊಬ್ಬ. ಎದುರಾಳಿಗಳು ಐವರು ಮುನ್ನುಗ್ಗಿದಾಗ ಇಬ್ಬರೇ ಬ್ಯಾಕುಗಳು ಎಷ್ಟು ಕಡೆಗೆಂದು ಓಡಿಯಾರು? ಯುರೋಪಿನ ತಂಡಗಳು ನಡುವಿನ ಹಾಫ್-ಬ್ಯಾಕನ್ನು ಹಿಂದಕ್ಕೆಳೆದು ಮೂವರನ್ನು ಕಾವಲಿಗೆ ನಿಲ್ಲಿಸುತ್ತಿದ್ದುವು. ಇಕ್ಕೆಲದ ಇಬ್ಬರು ಅಂಚಿನ ಆಟಗಾರರನ್ನು ತಡೆದರೆ, ನಡುವಿನವನು ಗೋಲಿನ ಮುಂದಿನ ದಾರಿಯನ್ನು ಮುಚ್ಚುತ್ತಿದ್ದನು. ರಹೀಮರು ಈ ಕ್ರಮವನ್ನು ಅಭ್ಯಾಸಮಾಡಿ ನಮ್ಮವರಿಗೆ ಹೇಳಿಕೊಟ್ಟರು. ಚೆಂಡು ಎದುರಾಳಿಗೆ ಸಿಕ್ಕೊಡನೆ ಯಾರು ಎಲ್ಲಿ ನಿಲ್ಲಬೇಕು, ಒಬ್ಬನು ಮುಂದೆ ಹೋದರೆ ಅವನ ಎಡೆಯನ್ನು ಯಾರು ತುಂಬಬೇಕು ಎಂಬುದನ್ನು ಮನದಟ್ಟುಮಾಡಿದರು. ಹೆಲ್ಸಿಂಕಿಯ ಬಳಿಕ ಬೂಟು ಧರಿಸುವುದೂ ನಮ್ಮಲ್ಲಿ ಕಡ್ಡಾಯವಾಯಿತು.

ನಾಲ್ಕೇ ವರ್ಷಗಳಲ್ಲಿ ಫಲವು ಕಾಣಿಸಿತು. 1956ರ ಮೆಲ್ಬರ್ನ್ ಒಲಿಂಪಿಕ್ ಕೂಟದಲ್ಲಿ ಭಾರತವು ಆಸ್ಟ್ರೇಲಿಯವನ್ನು ಅದರ ನೆಲದಲ್ಲೇ 4–2ರಿಂದ ಸೋಲಿಸಿತು. ಮುಂಬಯಿಯ ನೆವಿಲ್ ಡಿ’ಸೋಜಾ ಅವರು ಒಬ್ಬರೇ ಮೂರು ಗೋಲುಗಳನ್ನು ಹೊಡೆದರು. ಬೆಂಗಳೂರಿನ ಕೆಂಪಯ್ಯನವರೂ ಆ ತಂಡದಲ್ಲಿದ್ದ ಹಾಫ್-ಬ್ಯಾಕ್ ಆಟಗಾರರು. ಒಲಿಂಪಿಕ್ ಕಾಲ್ಚೆಂಡಿನಲ್ಲಿ ಉಪಾಂತ್ಯವನ್ನು ಮುಟ್ಟಿದ ಮೊದಲ ಏಷ್ಯಾ ತಂಡವೆಂಬ ಕೀರ್ತಿ ಭಾರತಕ್ಕೆ ಬಂದಿತು. ಕೊನೆಗೆ ನಾಲ್ಕನೆಯ ಸ್ಥಾನವು ದೊರೆಯಿತು. 1960ರ ರೋಮ್ ಕೂಟದಲ್ಲಿ ಭಾರತವು ಬಲಿಷ್ಠವಾದ ಹಂಗೆರಿಗೆ 2–1ರಿಂದ ಮಾತ್ರ ಸೋತು, ಫ್ರಾನ್ಸಿನೊಡನೆ 1–1ರ ಸಮಬಲವನ್ನು ಸಾಧಿಸಿತು. ಹತ್ತು ಗೋಲುಗಳನ್ನು ಬಿಟ್ಟುಕೊಟ್ಟಿದ್ದ ದೇಶಕ್ಕೆ ಇದು ಸಣ್ಣ ಬದಲಾವಣೆಯಲ್ಲ.

ಇಷ್ಟರಲ್ಲಿ ರಹೀಮರ ದೇಹವನ್ನು ಒಂದು ಕೊಲ್ಲುವ ರೋಗವು ಹಿಡಿದಿತ್ತು. ಶ್ವಾಸಕೋಶದ ಅರ್ಬುದ ರೋಗವದು. ಆದರೂ 1962ರಲ್ಲಿ ಜಕಾರ್ತದ ಏಷ್ಯಾ ಕೂಟಕ್ಕೆ ಅವರೇ ತಂಡವನ್ನು ಕರೆದೊಯ್ದರು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಾ ನಮ್ಮನ್ನು 2–0ಯಿಂದ ಸೋಲಿಸಿತು. ಮುಂದೆ ಥಾಯ್ಲೆಂಡನ್ನು ಗೆದ್ದೆವಾದರೂ ಆ ಪಂದ್ಯದಲ್ಲಿ ನಮ್ಮ ಹಿಂಗಾವಲಿನ ಕಂಬದಂತಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟುಬಿದ್ದು ಹೊಲಿಗೆ ಹಾಕಬೇಕಾಯಿತು. ಜಪಾನನ್ನು ಗೆದ್ದು ಭಾರತವು ಉಪಾಂತ್ಯಕ್ಕೆ ಬಂದಿತು.

ಆಗ ರಹೀಮರು ಎಲ್ಲರನ್ನೂ ಬೆರಗುಗೊಳಿಸುವ ಕೆಲಸವನ್ನು ಮಾಡಿದರು. ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಜರ್ನೈಲರನ್ನು ಹಿಂದಿನಿಂದ ತೆಗೆದು ಮುಂದಾಳಿನ ಸ್ಥಾನದಲ್ಲಿ ನಿಲ್ಲಿಸಿದರು. ಕಾವಲುಗಾರನನ್ನು ದಾಳಿಗೆ ಕಳುಹಿಸುವ ಧೈರ್ಯವು ಅವರಿಗೆ ಬಂದುದಕ್ಕೆ ಕಾರಣವುಂಟು. ಒಬ್ಬನು ಹೋದರೆ ಕುಸಿಯುವಂಥ ಹಿಂಗಾವಲನ್ನು ಅವರು ಕಟ್ಟಿರಲಿಲ್ಲ. ಅರುಣ್ ಘೋಷರು ನಡುವೆ ನಿಂತರು, ಮುಂಬಯಿಯ ತಂಡಗಳಿಗೆ ಆಡುತ್ತಿದ್ದ ಚಂದ್ರಶೇಖರ್ ಮತ್ತು ಫ್ರಾಂಕೊ ಅವರೂ, ತ್ರಿಲೋಕ್ ಸಿಂಗರೂ ಸುತ್ತಲೂ ಕಾವಲಾದರು. ಉಪಾಂತ್ಯದಲ್ಲಿ ದಕ್ಷಿಣ ವಿಯೆಟ್ನಾಮನ್ನು 3–2ರಿಂದ ಗೆದ್ದುದಾಯಿತು.

ಅಂತಿಮ ಪಂದ್ಯವು ಸೆಪ್ಟೆಂಬರ್ 4ರಂದು. ಎದುರಾಳಿಗಳು ಅದೇ ಕೊರಿಯದವರು. ಇಸ್ರೇಲ್ ಮತ್ತು ತೈವಾನುಗಳನ್ನು ಕೂಟಕ್ಕೆ ಸೇರಿಸದಿದ್ದುದನ್ನು ಭಾರತದ ಕ್ರೀಡಾ ಮುಖಂಡರಾದ ಗುರುದತ್ತ ಸೋಂಧಿಯವರು ಆಕ್ಷೇಪಿಸಿದ್ದರಿಂದ ಜಕಾರ್ತದ ಜನರಿಗೆ ನಮ್ಮವರ ಮೇಲೆ ಕೋಪವಿತ್ತು. ತುಂಬಿದ ಕ್ರೀಡಾಂಗಣವೇ ಭಾರತದ ವಿರುದ್ಧ ಕೂಗುತ್ತಿತ್ತು. ಪಂದ್ಯಕ್ಕೆ ಮುನ್ನ ರಹೀಮರು ಆಟಗಾರರಲ್ಲಿ ತಮಗಾಗಿ ಒಂದು ಕಾಣಿಕೆಯನ್ನು ಬೇಡಿದರೆಂದೂ, ಆ ಕಾಣಿಕೆಯು ಚಿನ್ನದ ಪದಕವೆಂದೂ ಆಟಗಾರರು ಮುಂದೆ ಸ್ಮರಿಸಿಕೊಳ್ಳುತ್ತಿದ್ದರು. ಅವರು ಗುರುವಿನ ಮಾತನ್ನು ಉಳಿಸಿದರು. ಮೊದಲ ಇಪ್ಪತ್ತು ನಿಮಿಷಗಳಲ್ಲೇ ಪಿ. ಕೆ. ಬ್ಯಾನರ್ಜಿಯವರು ಒಂದು ಗೋಲನ್ನೂ, ಪಟ್ಟಿ ಕಟ್ಟಿದ ತಲೆಯ ಜರ್ನೈಲರು ಇನ್ನೊಂದನ್ನೂ ಹೊಡೆದರು. ಆ ಮೇಲೆ ಉಳಿದದ್ದು ಒಂದು ಗಂಟೆಗೂ ಮೀರಿದ ಕಾವಲು. ಆಟ ಮುಗಿಯುವ ಹೊತ್ತಿಗೆ ಕೊರಿಯಾ ಒಂದು ಗೋಲನ್ನು ಹೊಡೆಯಿತಾದರೂ ಎರಡನೆಯದಕ್ಕೆ ನಮ್ಮವರು ಎಡೆಗೊಡಲಿಲ್ಲ. ಭಾರತವು 2–1ರಿಂದ ಗೆದ್ದಿತು. ಏಷ್ಯಾ ಕೂಟದ ಕಾಲ್ಚೆಂಡಿನಲ್ಲಿ ಅಂಥ ಚಿನ್ನವು ನಮಗೆ ಮತ್ತೆ ದೊರೆತಿಲ್ಲ.

ಅದಾದ ಒಂಬತ್ತೇ ತಿಂಗಳಿಗೆ, 1963ರ ಜೂನ್ 11ರಂದು, ರಹೀಮರು ತೀರಿಕೊಂಡರು. ಆಗ ಅವರಿಗೆ ಐವತ್ತಮೂರು ವರ್ಷ. ತರಬೇತುದಾರರಿಗೆಂದೇ ದ್ರೋಣಾಚಾರ್ಯ ಪ್ರಶಸ್ತಿಯು ಆರಂಭವಾದುದು 1985ರಲ್ಲಿ; ಅಷ್ಟರಲ್ಲಿ ಅವರು ಗತಿಸಿ ಇಪ್ಪತ್ತೆರಡು ವರ್ಷಗಳಾಗಿದ್ದುವು. ಅವರ ಮಗ ಹಕೀಮರು ರೋಮ್ ಒಲಿಂಪಿಕ್ ತಂಡದ ಸದಸ್ಯರಾಗಿದ್ದು, ಮುಂದೆ ತಂದೆಯಂತೆಯೇ ತರಬೇತುದಾರರೂ ಆದರು. 2024ರಲ್ಲಿ ರಹೀಮರ ಜೀವನವನ್ನು ಕುರಿತ ಹಿಂದಿ ಚಲನಚಿತ್ರವೊಂದು ಬಂದ ಮೇಲೆ ಹೊಸ ತಲೆಮಾರಿನವರು ಅವರ ಹೆಸರನ್ನು ಕೇಳುವಂತಾಯಿತು.

ಮಿತ್ರರೇ, ನಮ್ಮಲ್ಲಿ ಎಲ್ಲರೂ ಗೋಲು ಹೊಡೆಯುವವರಾಗಲಾರೆವು. ತರಗತಿಯಲ್ಲಿಯೂ ಮನೆಯಲ್ಲಿಯೂ ಹಿಂದೆ ನಿಂತು ಕಾಯುವ ಕೆಲಸವು ಯಾರಾದರೊಬ್ಬರ ಪಾಲಿಗೆ ಬರುತ್ತದೆ. ಹತ್ತು ಗೋಲುಗಳ ಸೋಲನ್ನು ಕಂಡ ಶಾಲಾ ಮಾಸ್ತರೊಬ್ಬರು ಆ ಕೆಲಸವನ್ನು ಶ್ರದ್ಧೆಯಿಂದ ಕಲಿತು, ಶ್ರದ್ಧೆಯಿಂದ ಕಲಿಸಿ, ಹತ್ತು ವರ್ಷಗಳಲ್ಲಿ ದೇಶಕ್ಕೆ ಚಿನ್ನವನ್ನು ತಂದುಕೊಟ್ಟರು. ಸಂಜೆ ಆಟದ ಬಯಲಿನಲ್ಲಿ ತಂಡವನ್ನು ಹಂಚುವಾಗ ನಿಮ್ಮನ್ನು ಹಿಂದೆ ನಿಲ್ಲೆಂದರೆ ಮುಖ ಸಣ್ಣದು ಮಾಡದಿರಿ. ರಹೀಮರನ್ನು ನೆನೆದು ನಿಮ್ಮ ಎಡೆಯನ್ನು ಗಟ್ಟಿಯಾಗಿ ಕಾಯಿರಿ.