ತನ್ನ ದನಿಗೆ ತಾನೇ ಜೊತೆಯಾದವಳು

ಗಾಯಕಿಯೊಬ್ಬಳು ತನ್ನ ಕಂಠಕ್ಕೆ ತಾನೇ ಜೊತೆಗೂಡಿ ಹಾಡುವುದು ಒಂದು ಕಾಲದಲ್ಲಿ ಬಹು ಅಪರೂಪದ ಸಂಗತಿಯಾಗಿತ್ತು. ಹಾಡುವವರೂ ನುಡಿಸುವವರೂ ಒಂದೇ ಕೊಠಡಿಯಲ್ಲಿ ಕಲೆತು, ಏಕಕಾಲದಲ್ಲಿ ಹಾಡಿ ನುಡಿಸಿ ಮುಗಿಸಬೇಕು. ಆ ಗಳಿಗೆಯಲ್ಲಿ ಮೂಡಿದುದೇ ಗ್ರಾಮಫೋನಿನ ತಟ್ಟೆಯಲ್ಲಿ ಉಳಿಯುವುದು. ಇದೇ ಅಂದಿನ ಪದ್ಧತಿ. ಇಂದಾದರೋ ಕಾಲೇಜಿನ ಹುಡುಗನೊಬ್ಬ ತನ್ನ ಕೋಣೆಯ ಬಾಗಿಲು ಹಾಕಿಕೊಂಡು, ಮೊದಲು ಗಿಟಾರನ್ನು ಒಂದು ಪಥದಲ್ಲಿಯೂ ಆಮೇಲೆ ತನ್ನ ಹಾಡನ್ನು ಇನ್ನೊಂದರಲ್ಲಿಯೂ ಮುದ್ರಿಸಿಕೊಂಡು, ಎರಡನ್ನೂ ತನಗೆ ಬೇಕಾದ ಹದದಲ್ಲಿ ಬೆರೆಸಿಕೊಳ್ಳಬಲ್ಲ. ಈ ಸೌಕರ್ಯದ ಹಿಂದೆ ಒಂದು ಮನೆಯ ಕಥೆಯಿದೆ. ಆ ಮನೆಯ ಒಡತಿ ಮೇರಿ ಫೋರ್ಡ್.

ಆಕೆಯ ಹುಟ್ಟುಹೆಸರು ಐರಿಸ್ ಕಾಲೀನ್ ಸಮ್ಮರ್ಸ್. ಹುಟ್ಟಿದ್ದು 1924ರ ಜುಲೈ 7ರಂದು, ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಎಲ್ ಮಾಂಟೆಯಲ್ಲಿ. ತಂದೆ ಕ್ರೈಸ್ತ ಧರ್ಮಬೋಧಕ. ಹಾಡಿಕೆ ಆ ಮನೆತನದಲ್ಲಿ ಪ್ರಾರ್ಥನೆಯಷ್ಟೇ ಸಹಜವಾದದ್ದು. ಹುಡುಗಿ ಗಿಟಾರನ್ನೂ ಕಲಿತಳು; ಯೌವನದಲ್ಲಿಯೇ ರೇಡಿಯೋ ಕಾರ್ಯಕ್ರಮಗಳಲ್ಲಿ ಗ್ರಾಮೀಣ ಶೈಲಿಯ ಗೀತೆಗಳನ್ನು ಹಾಡತೊಡಗಿದಳು. ಹೀಗಿರುವಾಗ, ಎರಡನೆಯ ಮಹಾಯುದ್ಧ ಮುಗಿಯುವ ಸುಮಾರಿಗೆ, ಆಕೆಗೆ ಲೆಸ್ ಪಾಲ್ ಎಂಬ ಗಿಟಾರ್ ವಾದಕನ ಪರಿಚಯವಾಯಿತು.

ಲೆಸ್ ಪಾಲ್ 1915ರಲ್ಲಿ ವಿಸ್ಕಾನ್ಸಿನ್ನಿನ ವಾಕಿಶಾದಲ್ಲಿ ಜನಿಸಿದವನು. ಯಾವ ಯಂತ್ರವನ್ನು ಕಂಡರೂ ಬಿಚ್ಚಿ ನೋಡದೆ ಬಿಡದ ಕುತೂಹಲ ಆತನದು. ಹಾಲಿವುಡ್ಡಿನಲ್ಲಿದ್ದ ತನ್ನ ಮನೆಯ ಕಾರುಖಾನೆಯನ್ನೇ, ಎಂದರೆ ಕಾರು ನಿಲ್ಲಿಸುವ ಕೊಟ್ಟಿಗೆಯನ್ನೇ, ಆತ ಧ್ವನಿಮುದ್ರಣಶಾಲೆಯನ್ನಾಗಿ ಮಾಡಿಕೊಂಡಿದ್ದನು. ತಟ್ಟೆ ಕೊರೆಯುವ ಯಂತ್ರಕ್ಕೆ ಮೋಟಾರು ಕಾರಿನ ಭಾರವಾದ ಗಾಲಿಯೊಂದನ್ನು ಅಳವಡಿಸಿದ್ದನು. ಒಂದು ತಟ್ಟೆಯಲ್ಲಿ ಗಿಟಾರನ್ನು ಮುದ್ರಿಸುವುದು, ಅದನ್ನು ನುಡಿಸಿಟ್ಟು, ಅದರೊಡನೆ ಮತ್ತೊಂದು ವರಸೆಯನ್ನು ತಾನೇ ನುಡಿಸುತ್ತ, ಎರಡನ್ನೂ ಎರಡನೆಯ ತಟ್ಟೆಗೆ ಇಳಿಸುವುದು, ಆಮೇಲೆ ಮೂರನೆಯದು. ಪ್ರತಿಯೊಂದು ನಕಲಿಗೂ ಹಳೆಯ ನಾದ ಒಂದಿಷ್ಟು ಮಾಸುತ್ತಿತ್ತು, ತಟ್ಟೆಯ ಕರಕರ ಸದ್ದು ಒಂದಿಷ್ಟು ಏರುತ್ತಿತ್ತು. ಆದ್ದರಿಂದ ಹಿನ್ನೆಲೆಯ ನಾದಗಳನ್ನು ಮೊದಲಿಗೂ ಮುಖ್ಯವಾದುದನ್ನು ಕಟ್ಟಕಡೆಗೂ ಮುದ್ರಿಸಬೇಕು. ಎಲ್ಲರೂ ಬುನಾದಿಯ ಮೇಲೆ ಶಿಖರವನ್ನಿಟ್ಟರೆ, ಈತ ಶಿಖರ ಎಲ್ಲಿ ಬರುವುದೆಂದು ಮೊದಲೇ ಬಗೆದು ಬುನಾದಿ ತೋಡಬೇಕಾಗಿತ್ತು.

1948ರ ಜನವರಿಯಲ್ಲಿ ಇಬ್ಬರೂ ಪ್ರಯಾಣ ಮಾಡುತ್ತಿದ್ದ ಕಾರು ಓಕ್ಲಹಾಮದಲ್ಲಿ, ಹಿಮಗಟ್ಟಿದ್ದ ಸೇತುವೆಯಿಂದ ಜಾರಿ ಕೆಳಗುರುಳಿತು. ಲೆಸ್ ಪಾಲನ ಬಲಗೈ ನುಚ್ಚುನೂರಾಯಿತು. ಮೊಣಕೈ ಇನ್ನು ಮಡಿಸಲಾರದೆಂದು ತಿಳಿದಾಗ, ಗಿಟಾರನ್ನು ತಬ್ಬಿ ಹಿಡಿಯಲು ಅನುಕೂಲವಾಗುವ ಕೋನದಲ್ಲಿಯೇ ಅದನ್ನು ಕೂಡಿಸಿಬಿಡಿರೆಂದು ಆತ ವೈದ್ಯರನ್ನು ಬೇಡಿಕೊಂಡನು. ಆ ದೀರ್ಘ ಚೇತರಿಕೆಯ ದಿನಗಳಲ್ಲಿ ಕಾಲೀನಳು ಜೊತೆಗಿದ್ದಳು. 1949ರ ಡಿಸೆಂಬರಿನಲ್ಲಿ ಅವರ ವಿವಾಹವಾಯಿತು. ಮೇರಿ ಫೋರ್ಡ್ ಎಂಬುದು ಲೆಸ್ ಪಾಲನು ಆಕೆಗೆ ಆರಿಸಿಕೊಟ್ಟ ಹೆಸರು.

ಅದೇ ವರ್ಷ ಪ್ರಸಿದ್ಧ ಗಾಯಕ ಬಿಂಗ್ ಕ್ರಾಸ್ಬಿ ಆತನಿಗೆ ಆಂಪೆಕ್ಸ್ ಟೇಪ್ ಯಂತ್ರವೊಂದನ್ನು ಉಡುಗೊರೆಯಾಗಿತ್ತನು. ಹಿಂದೆ ಮುದ್ರಿತವಾದದ್ದನ್ನು ಅಳಿಸುವ ಕಾಂತಕ್ಕಿಂತ ಮುಂಚಿನ ಸ್ಥಾನದಲ್ಲಿ, ಅದನ್ನು ಓದುವ ಇನ್ನೊಂದು ಕಾಂತವನ್ನು ಲೆಸ್ ಪಾಲ್ ಜೋಡಿಸಿದನು. ಟೇಪಿನ ಮೇಲಿದ್ದ ಹಾಡು ಅಳಿಯುವ ಮೊದಲು ಕಿವಿಗೆ ಬೀಳುವುದು. ಹೊಸ ದನಿಯೊಡನೆ ಬೆರೆತು ಅದೇ ಟೇಪಿನ ಮೇಲೆ ಮತ್ತೆ ಮೂಡುವುದು. ಈ ಉಪಾಯದಿಂದ ಮುದ್ರಣಶಾಲೆ ಪೆಟ್ಟಿಗೆಯೊಳಗೆ ಅಡಗಿ ಹೋಟೆಲಿನ ಕೋಣೆಗೂ ಬರುವಂತಾಯಿತು. ಆದರೆ ಅಪಾಯವೂ ಅಷ್ಟೇ ದೊಡ್ಡದು. ಹತ್ತನೆಯ ದನಿಯನ್ನು ಸೇರಿಸುವಾಗ ಒಂದು ಸ್ವರ ತಪ್ಪಿದರೆ, ಹಿಂದಿನ ಒಂಬತ್ತೂ ನೀರಿನಲ್ಲಿ ಹೋಮ ಮಾಡಿದಂತೆ! ಹಾಲು ನೀರನ್ನು ಬೇರ್ಪಡಿಸುವ ಹಂಸಕ್ಕೂ ಅಲ್ಲಿ ಕೆಲಸವಿರಲಿಲ್ಲ.

ಮೇರಿಯ ನಿಜವಾದ ಪ್ರತಿಭೆ ಪ್ರಕಟವಾದದ್ದು ಈ ಇಕ್ಕಟ್ಟಿನಲ್ಲಿ. ಯಂತ್ರವನ್ನು ಪತಿ ತಿದ್ದಬಹುದು. ತಪ್ಪದೆ ಹಾಡಬೇಕಾದವಳು ಆಕೆಯೇ. ಹಿಂದೆ ತಾನು ಹಾಡಿದುದನ್ನು ಕಿವಿಯಲ್ಲಿ ಕೇಳುತ್ತ, ಎಲ್ಲಿ ಉಸಿರೆಳೆದಿದ್ದಳೋ ಅಲ್ಲಿಯೇ ಉಸಿರೆಳೆದು, ಪ್ರತಿ ಅಕ್ಷರವನ್ನೂ ಅದೇ ಕ್ಷಣದಲ್ಲಿ ಮುಗಿಸಿ, ಸ್ವರವನ್ನು ಮಾತ್ರ ಬೇರೆಯ ಸ್ಥಾಯಿಯಲ್ಲಿ ಹಿಡಿಯುವುದು ಸಾಮಾನ್ಯ ಸಾಧನೆಯಲ್ಲ. ಮೈಕನ್ನು ತುಟಿಯ ಸಮೀಪಕ್ಕೆ ತಂದುದರಿಂದ ಆಕೆ ಕೂಗಿ ಹಾಡಬೇಕಾಗಿರಲಿಲ್ಲ. ಪಕ್ಕದಲ್ಲಿ ಕುಳಿತು ಮಾತಾಡಿದಂತೆ ಹಾಡಿದಳು. 1940ರ ನಾಟಕವೊಂದರಿಂದ ಬಂದ ‘ಹೌ ಹೈ ದ ಮೂನ್’ ಎಂಬ ಗೀತೆಯನ್ನು 1951ರ ಜನವರಿಯಲ್ಲಿ ದಂಪತಿ ನ್ಯೂಯಾರ್ಕಿನ ಜಾಕ್ಸನ್ ಹೈಟ್ಸಿನ ತಮ್ಮ ಬಿಡಾರದಲ್ಲಿ ಹೀಗೆ ಮುದ್ರಿಸಿದರು. ಅದು 9 ವಾರಗಳ ಕಾಲ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯ ತುದಿಯಲ್ಲಿತ್ತು. 1953ರಲ್ಲಿ ‘ವಾಯಾ ಕಾನ್ ಡಿಯೋಸ್’ ಅದೇ ಸ್ಥಾನಕ್ಕೇರಿತು. ವೇದಿಕೆಯ ಮೇಲೂ ತಟ್ಟೆಯಲ್ಲಿದ್ದಂತಹ ದನಿಗಳು ಕೇಳಬೇಕೆಂದು ಮೇರಿಯ ಸೋದರಿ ತೆರೆಯ ಮರೆಯಲ್ಲಿ ನಿಂತು ಹಾಡುತ್ತಿದ್ದುದೂ ಉಂಟು.

ಆದರೆ ಮನೆಯೇ ಮುದ್ರಣಶಾಲೆಯಾದಾಗ ವಿರಾಮಕ್ಕೆ ಬಾಗಿಲೆಲ್ಲಿ? ನ್ಯೂಜೆರ್ಸಿಯ ಮಾವಾದಲ್ಲಿ ಅವರು ಕಟ್ಟಿಕೊಂಡ ಮನೆಯ ತುಂಬ ತಂತಿಗಳು, ಯಂತ್ರಗಳು. 1953ರಿಂದ ಅದೇ ಮನೆಯ ಸಂಸಾರವೇ ಕಿರು ಟೆಲಿವಿಷನ್ ಕಾರ್ಯಕ್ರಮವಾಗಿ ದೇಶಕ್ಕೆಲ್ಲ ಕಾಣಿಸಿತು. ಪರದೆಯ ಮೇಲೆ ನಗುತ್ತಿದ್ದ ಗೃಹಿಣಿ 1954ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಹಸುಳೆಯೊಂದನ್ನು ಕಳೆದುಕೊಂಡಳು. ರಾಕ್ ಅಂಡ್ ರೋಲಿನ ಅಲೆ ಬಂದು ಇವರ ಗೀತೆಗಳು ಹಿಂದೆ ಸರಿದವು. 1957ರಲ್ಲಿ ಆಂಪೆಕ್ಸ್ ಸಂಸ್ಥೆಯ ಎಂಟು ಪಥಗಳ ಯಂತ್ರ ಮನೆಗೆ ಬಂದಿತು. ಇನ್ನು ಮುಂದೆ ಗಿಟಾರಿಗೆ ಅದರದೇ ಪಥ, ಕಂಠಕ್ಕೆ ಅದರದೇ ಪಥ. ಒಂದು ಕೆಟ್ಟರೆ ಅದೊಂದನ್ನೇ ತಿದ್ದಬಹುದು. ದನಿಗಳನ್ನು ಕೆಡದಂತೆ ಬೇರೆಯಾಗಿರಿಸುವ ವಿದ್ಯೆ ಹೀಗೆ ಕೈಸೇರಿತು. ಆದರೆ ಸದಾ ಪಯಣ, ಸದಾ ಪ್ರದರ್ಶನದ ಆ ಬಾಳಿನಿಂದ ಮೇರಿ ದಣಿದಿದ್ದಳು. 1964ರಲ್ಲಿ ವಿಚ್ಛೇದನವಾಯಿತು.

ಆಕೆ ಕ್ಯಾಲಿಫೋರ್ನಿಯಾಕ್ಕೆ ಹಿಂತಿರುಗಿ ಪ್ರಸಿದ್ಧಿಯಿಂದ ದೂರ ಉಳಿದಳು. ಮಧುಮೇಹ ಆಕೆಯನ್ನು ಬಾಧಿಸಿತು. ಕೆಲವು ವಾರ ಪ್ರಜ್ಞಾಹೀನಳಾಗಿದ್ದು, 1977ರ ಸೆಪ್ಟೆಂಬರ್ 30ರಂದು, 53ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಲೆಸ್ ಪಾಲ್ 2009ರವರೆಗೆ ಬಾಳಿ, ಸಂಶೋಧಕನೆಂದೂ ಕಲಾವಿದನೆಂದೂ ಮನ್ನಣೆಗಳನ್ನು ಪಡೆದನು. ಅದು ಯೋಗ್ಯವೇ. ಆದರೆ ಯಂತ್ರದ ಚರಿತ್ರೆಯನ್ನು ಬರೆಯುವವರು ಅದರ ಮುಂದೆ ನಿಂತು ಹಾಡಿದವಳನ್ನು ಅಡಿಟಿಪ್ಪಣಿಗೆ ಇಳಿಸುವುದು ನ್ಯಾಯವಲ್ಲ. ತಿದ್ದಲು ಅವಕಾಶವಿಲ್ಲದ ಕಾಲದಲ್ಲಿ ತಿದ್ದಬೇಕಾಗದಂತೆ ಹಾಡಿದವಳು ಆಕೆ. ಇಂದು ಬೇಕಾದಷ್ಟು ಸಲ ಅಳಿಸಿ ಮುದ್ರಿಸುವ ಅನುಕೂಲವಿರುವ ಎಳೆಯರು ಆ ಹಳೆಯ ತಟ್ಟೆಗಳನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. ಅಲ್ಲಿ ಹಲವು ಕಂಠಗಳು ಒಂದಾಗಿ ಹಾಡುತ್ತವೆ. ಅವೆಲ್ಲವೂ ಒಬ್ಬಳೇ ಹೆಣ್ಣುಮಗಳವು.